ಎರಡು ತಟ್ಟೆಗಳ ಕಲಹ

ಒಂದೇ ಗಾತ್ರ, ಒಂದೇ ಹೊಳಪು. ಆದರೂ ಒಂದರ ಯಂತ್ರದಲ್ಲಿ ಇನ್ನೊಂದು ನಡೆಯಲಾರದು. ಇಂತಹ ಎರಡು ಬಗೆಯ ಚಲಚ್ಚಿತ್ರದ ತಟ್ಟೆಗಳು ೨೦೦೬ನೆಯ ಇಸವಿಯಲ್ಲಿ ಜಪಾನ್ ಮತ್ತು ಅಮೆರಿಕದ ಅಂಗಡಿಗಳಲ್ಲಿ ಎದುರುಬದುರಾಗಿ ಕುಳಿತವು. (ಗ್ರಾಮಫೋನಿನ ಕಾಲದಿಂದ ರೂಢಿಯಾದ ‘ತಟ್ಟೆ’ ಎಂಬ ಮಾತನ್ನೇ ಡಿಸ್ಕಿಗೂ ಬಳಸುತ್ತಿದ್ದೇನೆ.) ಒಂದು, ತೋಷಿಬಾ ಕಂಪೆನಿಯ ಮುಂದಾಳುತನದಲ್ಲಿ ಬಂದ ಎಚ್.ಡಿ. ಡಿ.ವಿ.ಡಿ.; ಇನ್ನೊಂದು, ಸೋನಿ, ಫಿಲಿಪ್ಸ್, ಮತ್ಸುಶಿತಾ ಮೊದಲಾದವರು ಕೂಡಿ ಹೊರತಂದ ಬ್ಲೂ-ರೇ. ಮನೆಯಲ್ಲಿ ಕುಳಿತು ಸಿನೆಮಾ ನೋಡಬಯಸಿದ ಗೃಹಸ್ಥನು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು; ಆರಿಸಿದ ಪಕ್ಷ ಸೋತರೆ ಕೊಟ್ಟ ಹಣವೂ ಅದರೊಡನೆಯೇ ಹೋಯಿತು.

ಹೊಸ ತಟ್ಟೆಯ ಅವಶ್ಯಕತೆ ಏಕೆ ಬಂದಿತು? ಆ ದೇಶಗಳ ಹಳೆಯ ಟೆಲಿವಿಷನ್ನಿಗೆ ಹೊಂದುವ ಡಿ.ವಿ.ಡಿ.ಯ ಚಿತ್ರದಲ್ಲಿ ೪೮೦ ಸಾಲುಗಳು, ಸಾಲಿಗೆ ೭೨೦ ಚುಕ್ಕೆಗಳು. ಹೈ-ಡೆಫಿನಿಷನ್ ಎಂಬ ಹೊಸ ಟೆಲಿವಿಷನ್ನಿನ ಪೂರ್ಣ ಚಿತ್ರದಲ್ಲಿ ೧,೦೮೦ ಸಾಲು, ಸಾಲಿಗೆ ೧,೯೨೦ ಚುಕ್ಕೆ. ಗುಣಿಸಿ ನೋಡಿದರೆ ಸರಿಯಾಗಿ ಆರು ಪಟ್ಟು. ಜಪಾನಿನ ಪ್ರಸಾರ ಸಂಸ್ಥೆಯಾದ ಎನ್.ಎಚ್.ಕೆ. ೧೯೬೪ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮೇಲೆ ಕೈಗೊಂಡ ಸಂಶೋಧನೆಯ ಫಲವು ನಾಲ್ಕು ದಶಕಗಳ ತರುವಾಯ ಸಾಮಾನ್ಯರ ಹಜಾರಕ್ಕೆ ಬಂದು ತಲುಪಿತ್ತು. ಆದರೆ ದೊಡ್ಡ ಚಪ್ಪಟೆ ಪರದೆಯ ಟೆಲಿವಿಷನ್ ಕೊಂಡು ತಂದವನು ಹಳೆಯ ಡಿ.ವಿ.ಡಿ. ಹಾಕಿದರೆ ನಾಯಕಿಯ ಮುಖವೇ ಮಸುಕು! ಪದರಕ್ಕೆ ೪.೭ ಗಿಗಾಬೈಟ್ ಮಾತ್ರ ಹಿಡಿಯುವ ಆ ತಟ್ಟೆ ಹೊಸ ಚಿತ್ರದ ಭಾರವನ್ನು ಹೊರಲಾರದಾಗಿತ್ತು.

ಉಪಾಯವಿದ್ದುದು ನೀಲಿ ಬೆಳಕಿನಲ್ಲಿ. ಡಿ.ವಿ.ಡಿ.ಯನ್ನು ಓದುವುದು ೬೫೦ ನ್ಯಾನೊಮೀಟರ್ ತರಂಗದ ಕೆಂಪು ಲೇಸರ್. ೪೦೫ ನ್ಯಾನೊಮೀಟರಿನ ನೀಲಿ-ನೇರಿಳೆ ಲೇಸರನ್ನು ಅದಕ್ಕಿಂತ ಕಿರಿದಾದ ಬಿಂದುವಿಗೆ ತರಬಹುದು. ಪೆನ್ಸಿಲಿನ ಮೊನೆ ಚೂಪಾದಷ್ಟೂ ಒಂದು ಪುಟದಲ್ಲಿ ಹೆಚ್ಚು ಅಕ್ಷರಗಳು ಹಿಡಿಯುವಂತೆ, ಬಿಂದು ಕಿರಿದಾದಷ್ಟೂ ತಟ್ಟೆಯಲ್ಲಿ ಹೆಚ್ಚು ಚಿತ್ರ ಹಿಡಿಯುತ್ತದೆ. ಇಲ್ಲಿಯ ವರೆಗೆ ಉಭಯ ಪಕ್ಷಗಳಿಗೂ ಒಮ್ಮತವೇ. ಜಗಳ ಹುಟ್ಟಿದ್ದು ಅರ್ಧ ಮಿಲಿಮೀಟರಿನ ಅಂತರಕ್ಕಾಗಿ. ತೋಷಿಬಾದವರು ಡಿ.ವಿ.ಡಿ.ಯಲ್ಲಿದ್ದಂತೆಯೇ ಮೇಲ್ಮೈಯಿಂದ ೦.೬ ಮಿಲಿಮೀಟರ್ ಆಳದಲ್ಲಿ ಬರಹವನ್ನಿರಿಸಿದರು. ಇದ್ದ ಕಾರ್ಖಾನೆಗಳನ್ನೇ ಅಷ್ಟಿಷ್ಟು ಮಾರ್ಪಡಿಸಿ ಅಗ್ಗವಾಗಿ ತಯಾರಿಸಬಹುದಾಗಿತ್ತು. ಪದರಕ್ಕೆ ೧೫ ಗಿಗಾಬೈಟ್. ಸೋನಿಯವರು ಬರಹವನ್ನು ೦.೧ ಮಿಲಿಮೀಟರಿನಷ್ಟು ಮೇಲಕ್ಕೆ ತಂದರು. ೨೫ ಗಿಗಾಬೈಟ್ ಹಿಡಿಯಿತು, ಆದರೆ ತಯಾರಿಕೆಗೆ ಹೊಸ ಯಂತ್ರಸಾಮಗ್ರಿ ಬೇಕಾಯಿತು. ೨೦೦೫ರಲ್ಲಿ ಸಂಧಾನದ ಮಾತುಕತೆ ನಡೆದು ಮುರಿದುಬಿತ್ತು. ೧೯೭೫ರಲ್ಲಿ ಬಂದ ಬೀಟಾಮ್ಯಾಕ್ಸ್ ಕ್ಯಾಸೆಟ್ಟು ವಿ.ಎಚ್.ಎಸ್. ಎಂಬ ಪ್ರತಿಸ್ಪರ್ಧಿಗೆ ಸೋತಾಗ ಪೆಟ್ಟು ತಿಂದವರು ಇದೇ ಸೋನಿಯವರು. ಆ ನೆನಪು ಇದ್ದೂ ಒಪ್ಪಂದವಾಗದೆ ಹೋದುದೇ, ನನ್ನ ಎಣಿಕೆಯಲ್ಲಿ, ಈ ಪ್ರಕರಣದ ಮೂಲ ಅಪರಾಧ. ಮುಂದಿನದೆಲ್ಲ ಅದರ ಬಡ್ಡಿ.

೨೦೦೬ರ ಏಪ್ರಿಲ್‌ನಲ್ಲಿ ತೋಷಿಬಾದ ಯಂತ್ರ ಅಮೆರಿಕದಲ್ಲಿ ೪೯೯ ಡಾಲರಿಗೆ ಮಾರಾಟಕ್ಕೆ ಬಂದಿತು. ಜೂನ್‌ನಲ್ಲಿ ಬಂದ ಸ್ಯಾಮ್ಸಂಗ್‌ನ ಬ್ಲೂ-ರೇ ಯಂತ್ರಕ್ಕೆ ಅದರ ಇಮ್ಮಡಿ ಬೆಲೆ. ಗೆಲುವು ಯಾರದೆಂದು ಯಾರಾದರೂ ಹೇಳಿಬಿಡುತ್ತಿದ್ದರು. ಆದರೆ ನವೆಂಬರ್‌ನಲ್ಲಿ ಸೋನಿಯವರು ತಮ್ಮ ಪ್ಲೇಸ್ಟೇಷನ್ ೩ ಎಂಬ ಆಟದ ಪೆಟ್ಟಿಗೆಯೊಳಗೇ ಬ್ಲೂ-ರೇಯನ್ನು ಸೇರಿಸಿ ಕಳುಹಿಸಿದರು. ಮಗನ ಆಟಕ್ಕೆಂದು ತಂದದ್ದು ತಂದೆಯ ಸಿನೆಮಾಕ್ಕೂ ಆಯಿತು.

ಇನ್ನು ಚಿತ್ರ ನಿರ್ಮಾಪಕರ ಸಂಗತಿ. ಡಿಸ್ನಿ, ಫಾಕ್ಸ್ ಇವರದು ಬ್ಲೂ-ರೇ, ಯೂನಿವರ್ಸಲ್‌ನದು ಎಚ್.ಡಿ. ಡಿ.ವಿ.ಡಿ. ಎರಡರಲ್ಲಿಯೂ ಚಿತ್ರಗಳನ್ನು ಹೊರಡಿಸುತ್ತಿದ್ದ ಪ್ಯಾರಾಮೌಂಟ್ ೨೦೦೭ರ ಆಗಸ್ಟ್‌ನಲ್ಲಿ ತೋಷಿಬಾದ ಕಡೆ ಸರಿಯಿತು. ವಾರ್ನರ್‌ನವರು ಒಂದು ಮಗ್ಗುಲು ಇದು, ಇನ್ನೊಂದು ಮಗ್ಗುಲು ಅದು ಎಂಬ ಜೋಡಿ ತಟ್ಟೆಯನ್ನು ಸಾರಿ, ಅದನ್ನು ಅಂಗಡಿಗೆ ತರದೆಯೇ ಕೈಬಿಟ್ಟರು. ಕೊನೆಗೆ ೨೦೦೮ರ ಜನವರಿ ೪ರಂದು ಅವರು ಬ್ಲೂ-ರೇ ಒಂದನ್ನೇ ಉಳಿಸಿಕೊಳ್ಳುವುದಾಗಿ ಪ್ರಕಟಿಸಿದರು. ಲಾಸ್ ವೇಗಾಸ್‌ನ ವಸ್ತುಪ್ರದರ್ಶನಕ್ಕೆ ಕೆಲವೇ ದಿನಗಳಿದ್ದವು. ಎದುರು ಪಕ್ಷದವರು ಅಲ್ಲಿ ಏರ್ಪಡಿಸಿದ್ದ ಪತ್ರಿಕಾಗೋಷ್ಠಿಯನ್ನು ರದ್ದುಮಾಡಿದರು. ಫೆಬ್ರವರಿ ೧೯ರಂದು ತೋಷಿಬಾ ಶಸ್ತ್ರವನ್ನು ಕೆಳಗಿಟ್ಟಿತು. ಎರಡೂ ತಟ್ಟೆಗಳು ಪರದೆಯ ಮೇಲೆ ಮೂಡಿಸುತ್ತಿದ್ದ ಚಿತ್ರದ ಅಚ್ಚುಕಟ್ಟು ಒಂದೇ ಆಗಿದ್ದರಿಂದ, ನೋಡುವವನ ಕಣ್ಣಿಗೆ ಈ ತೀರ್ಪಿನಲ್ಲಿ ಪಾತ್ರವೇ ಇರಲಿಲ್ಲ.

ಕೊಂಡವರ ಗತಿ? ಅಮೆರಿಕದ ಬೆಸ್ಟ್ ಬೈ ಅಂಗಡಿಯವರು ತಮ್ಮಲ್ಲಿ ಸೋತ ಯಂತ್ರವನ್ನು ಕೊಂಡಿದ್ದವರಿಗೆ ೫೦ ಡಾಲರಿನ ಕೊಡುಗೆ ಚೀಟಿ ಕೊಟ್ಟರು. ಅದನ್ನು ಅದೇ ಅಂಗಡಿಯಲ್ಲಿ ವೆಚ್ಚಮಾಡಬೇಕು. ತೋಷಿಬಾ ಸ್ವತಃ ೨೦೦೯ರಲ್ಲಿ ಬ್ಲೂ-ರೇ ಯಂತ್ರಗಳನ್ನು ಮಾರತೊಡಗಿತು. ಗೆದ್ದ ತಟ್ಟೆಗೂ ಅಂತರ್ಜಾಲದಲ್ಲಿ ಹರಿದುಬರುವ ಚಿತ್ರಗಳ ಮುಂದೆ ಹಳೆಯ ವೈಭವವಿಲ್ಲ. ಆದರೂ ಚಲಚ್ಚಿತ್ರಗಳ ಬ್ಲೂ-ರೇ ಈಗಲೂ ಅಚ್ಚಾಗುತ್ತಿದೆ. ಎಚ್.ಡಿ. ಡಿ.ವಿ.ಡಿ.ಗಳನ್ನು ಕಪಾಟಿನ ತುಂಬ ಇಟ್ಟುಕೊಂಡವರು ಮಾತ್ರ ಆ ಹಳೆಯ ಯಂತ್ರ ಕೆಡದಂತೆ ಧೂಳು ಒರೆಸಿ ಕಾಪಾಡಿಕೊಳ್ಳುತ್ತಿರಬೇಕು.