ಮೊಸಳೆ ಹಿಡಿದರೆ ಹೊಳೆ ನಿರ್ಭಯವೇ?

ಹೇಮಾವತಿ ಹೊಳೆಯಲ್ಲಿ ಶಾರ್ಕ್ ಇಲ್ಲ, ಬರುವ ದಾರಿಯೂ ಇಲ್ಲ. ಸಿಹಿನೀರಿಗೆ ನುಗ್ಗುವ ಶಾರ್ಕ್ ಜಗತ್ತಿನಲ್ಲಿದೆ, ಅದು ಸುಳ್ಳಲ್ಲ. ಬುಲ್ ಶಾರ್ಕ್ ತನ್ನ ಮೈಯ ಉಪ್ಪನ್ನು ನೀರಿಗೆ ತಕ್ಕಂತೆ ಹೊಂದಿಸಿಕೊಳ್ಳಬಲ್ಲದು. ಅಮೆಜಾನ್ ನದಿಯಲ್ಲಿ ಸಾವಿರಾರು ಕಿಲೋಮೀಟರ್ ಮೇಲೇರಿ ಪೆರು ದೇಶದ ಇಕಿಟೋಸ್‌ವರೆಗೆ ಹೋದದ್ದುಂಟು. ನಿಕರಾಗುವಾದ ದೊಡ್ಡ ಸರೋವರದಲ್ಲೂ ಅದು ಕಾಣಿಸಿಕೊಂಡಿದೆ. ನಮ್ಮ ಗಂಗೆಯ ಹೆಸರನ್ನೇ ಹೊತ್ತ ಇನ್ನೊಂದು ಶಾರ್ಕ್ ಈಗ ಅಳಿವಿನ ಅಂಚಿನಲ್ಲಿದೆ. ಹೇಮಾವತಿ ಹೋಗಿ ಸೇರುವ ಕಾವೇರಿಯ ಕಥೆ ಬೇರೆ. ಪೂಂಪುಹಾರಿನ ಕಡಲಿನಿಂದ ಹೊರಟ ಮೀನು ಹೇಮಾವತಿ ದಡದ ಹೊಳೆನರಸೀಪುರ ತಲುಪಬೇಕಾದರೆ ಕಲ್ಲಣೆ, 1934ರ ಮೆಟ್ಟೂರು ಅಣೆಕಟ್ಟು, ಹೊಗೇನಕಲ್, ಶಿವನಸಮುದ್ರ, ಕೃಷ್ಣರಾಜಸಾಗರ ಎಲ್ಲವನ್ನೂ ದಾಟಬೇಕು. ಮೆಟ್ಟೂರು ಎದ್ದು ನಿಂತ ಮೇಲೆ ಕಡಲಿನಿಂದ ಮೊಟ್ಟೆಯಿಡಲು ಬರುತ್ತಿದ್ದ ಹಿಲ್ಸಾ ಮೀನಿಗೇ ದಾರಿ ಕಟ್ಟಿತು. ಇನ್ನು ಶಾರ್ಕಿನ ಮಾತೆಲ್ಲಿ ಬಂತು?

ಮೊಸಳೆ ಮಾತ್ರ ನಮ್ಮದೇ. ಹೇಮಾವತಿ ಮತ್ತು ಕಾವೇರಿಯ ಮಡುಗಳಲ್ಲಿ ಅದು ನಮಗಿಂತ ಹಳೆಯ ಒಕ್ಕಲು. ಹಳೇಬೀಡಿನ ಗುಡಿಯ ಗೋಡೆಯ ತಳದ ಸಾಲುಗಳಲ್ಲಿ ಆನೆ, ಕುದುರೆ, ಹಂಸಗಳ ಜೊತೆಗೆ ಮಕರಕ್ಕೂ ಒಂದು ಸಾಲನ್ನೇ ಬಿಟ್ಟುಕೊಟ್ಟ ಶಿಲ್ಪಿಗಳಿಗೆ ಈ ಪ್ರಾಣಿಯ ಗತ್ತು ಗೊತ್ತಿತ್ತು. ಇವತ್ತು ಬಂಡೆಯ ಮೇಲೋ ನಾಲೆಯ ಬದಿಯಲ್ಲೋ ಒಂದು ಮೊಸಳೆ ಕಂಡರೆ ಮೊಬೈಲಿನಲ್ಲಿ ವಿಡಿಯೋ ಹರಿದಾಡುತ್ತದೆ, ಸಂಜೆಯೊಳಗೆ ಒತ್ತಾಯ ಶುರುವಾಗುತ್ತದೆ: ಅರಣ್ಯ ಇಲಾಖೆಯವರು ಬಂದು ಹಿಡಿದುಕೊಂಡು ಹೋಗಲಿ. ಮೊಸಳೆಯನ್ನು ಹಿಡಿದು ಸಾಗಿಸಿದರೆ ಹೊಳೆ ನಿರ್ಭಯವಾಗುತ್ತದೆಯೇ? ಆಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಆ ಪ್ರಾಣಿಯನ್ನು ನೋಡೋಣ. ನಮ್ಮದು ಜೌಗಿನ ಮೊಸಳೆ, ಅಗಲ ಮೂತಿಯದು. ದೊಡ್ಡ ಗಂಡು ನಾಲ್ಕು ಮೀಟರಿನ ಆಸುಪಾಸು ಬೆಳೆಯುತ್ತದೆ. ಚಳಿಗಾಲದ ಬೆಳಗಿನಲ್ಲಿ ಬಂಡೆ ಏರಿ, ಬಾಯಿ ತೆರೆದು ಗಂಟೆಗಟ್ಟಲೆ ಅಲುಗಾಡದೆ ಬಿದ್ದಿರುತ್ತದೆ. ನೋಡುವವರಿಗೆ ಅದು ಕಚ್ಚಲು ಸಿದ್ಧವಾದಂತೆ ಕಾಣುತ್ತದೆ. ನಿಜವಾಗಿ ಅದು ತೆರೆದ ಬಾಯಿಂದ ಮೈಯ ಬಿಸಿಯನ್ನು ಹದಕ್ಕೆ ತಂದುಕೊಳ್ಳುತ್ತಿರುತ್ತದೆ. ಅಪಾಯ ಬಂಡೆಯ ಮೇಲಿನ ಮೊಸಳೆಯಲ್ಲಿಲ್ಲ. ಸೊಂಟದುದ್ದ ನೀರಿನಲ್ಲಿ ಕಣ್ಣು ಮತ್ತು ಮೂಗಿನ ತುದಿಯನ್ನಷ್ಟೇ ಮೇಲಿಟ್ಟು, ಒಂದೇ ಜಾಗಕ್ಕೆ ದಿನವೂ ನೀರಿಗೆ ಬರುವ ನಾಯಿಯನ್ನೋ ಕರುವನ್ನೋ ಕಾಯುವ ಮೊಸಳೆಯಲ್ಲಿದೆ. ಮುಸ್ಸಂಜೆ ಮತ್ತು ರಾತ್ರಿ ಅದರ ಹೊತ್ತು. ಬೇಸಿಗೆಗೆ ಮುಂಚೆ ಹೆಣ್ಣು ದಡದ ಮರಳು ಮಣ್ಣು ಕೆದಕಿ ಇಪ್ಪತ್ತು ಮೂವತ್ತು ಮೊಟ್ಟೆ ಹೂಳುತ್ತದೆ, ಅಲ್ಲೇ ಕಾವಲಿರುತ್ತದೆ, ಮಳೆಗಾಲದ ಹೊಸ್ತಿಲಲ್ಲಿ ಮರಿಗಳನ್ನು ಬಾಯಲ್ಲೇ ಕಚ್ಚಿ ನೀರಿಗೆ ಒಯ್ಯುತ್ತದೆ. ಆ ದಿನಗಳಲ್ಲಿ ಗೂಡಿನ ಹತ್ತಿರ ಸುಳಿದವರ ಮೇಲೆ ಅದು ಎರಗುತ್ತದೆ. ಇಷ್ಟು ತಿಳಿದರೆ ಎಲ್ಲಿ, ಯಾವಾಗ, ಯಾಕೆ ಎಚ್ಚರ ಬೇಕೆಂಬುದು ತಾನಾಗಿ ತಿಳಿಯುತ್ತದೆ.

ಹಿಡಿದು ಬೇರೆಡೆ ಬಿಡುವುದು ಸುಲಭದ ಉಪಾಯವೆಂದು ತೋರುತ್ತದೆ. ಆಸ್ಟ್ರೇಲಿಯಾದಲ್ಲಿ ಉಪ್ಪುನೀರಿನ ಮೊಸಳೆಗಳಿಗೆ ಉಪಗ್ರಹ ಸಂಪರ್ಕದ ಯಂತ್ರ ಕಟ್ಟಿ ದೂರದಲ್ಲಿ ಬಿಟ್ಟು ನೋಡಿದರು. ಅವು ತಿರುಗಿ ಹಳೆಯ ಜಾಗಕ್ಕೇ ಬಂದವು. ಒಂದಂತೂ 400 ಕಿ.ಮೀ.ಗೂ ಹೆಚ್ಚು ಈಜಿ ಬಂದಿತು. ನಮ್ಮದು ಬೇರೆ ಜಾತಿ ನಿಜ, ಆದರೆ ನೆಲೆ ಬಿಡಲೊಪ್ಪದ ಗುಣ ಮೊಸಳೆ ಕುಲಕ್ಕೇ ಇದೆ. ತಿರುಗಿ ಬರದಿದ್ದರೂ ಖಾಲಿಯಾದ ಮಡುವಿಗೆ ಇನ್ನೊಂದು ಮೊಸಳೆ ಬಂದು ಸೇರುತ್ತದೆ. ಹೊಸದಾಗಿ ಬಿಟ್ಟ ಕಡೆಯ ಊರಿನವರಿಗೆ ನಮ್ಮ ಭಯವನ್ನು ಸಾಗಹಾಕಿದಂತೆಯೂ ಆಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಪ್ರಾಣಿಯನ್ನು ಮೊದಲನೇ ಅನುಸೂಚಿಯಲ್ಲಿ ಹುಲಿ, ಆನೆಗಳ ಸಾಲಿನಲ್ಲಿ ಇಟ್ಟಿದೆ. ಚರ್ಮಕ್ಕಾಗಿ ಕೊಂದು ಕೊಂದು ದೇಶದಲ್ಲೇ ಮೊಸಳೆ ಮುಗಿಯುವ ಹೊತ್ತಿಗೆ, 1975ರಲ್ಲಿ, ಸಂರಕ್ಷಣಾ ಯೋಜನೆ ಶುರುವಾದದ್ದನ್ನು ಮರೆಯಬಾರದು.

ದಡದಲ್ಲಿ ಬಟ್ಟೆ ಒಗೆಯುವ ಹೆಂಗಸಿಗೆ ಕಾಯ್ದೆಯ ಅನುಸೂಚಿ ಹೇಳಿ ಸಮಾಧಾನ ಮಾಡಲಾಗದು. ಕೃಷ್ಣಾ ತೀರದ ರಾಯಚೂರು ಸೀಮೆಯಲ್ಲಿ, ದಾಂಡೇಲಿಯ ಕಾಳಿ ನದಿಯಲ್ಲಿ ಮೊಸಳೆಗೆ ಜೀವ ತೆತ್ತವರಿದ್ದಾರೆ. ಅವರ ಮನೆಯವರ ಮುಂದೆ ನಿಂತು ಪರಿಸರದ ಪಾಠ ಹೇಳುವ ಹಕ್ಕು ಯಾರಿಗೂ ಇಲ್ಲ. ಅವರ ಭಯ ನ್ಯಾಯವಾದದ್ದು. ಆ ಭಯಕ್ಕೆ ಪರಿಹಾರ ಯಾವುದು ಎಂಬಲ್ಲಿ ಮಾತ್ರ ನನ್ನ ತಕರಾರು.

ಹೊಳೆಯಲ್ಲಿ ಜನ ಸಾಯುವುದು ಯಾತರಿಂದ? 2022ರ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ ದೇಶದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಮೊಸಳೆಗೆ ಬಲಿಯಾಗುವವರ ಸಂಖ್ಯೆ ಇದರ ಹತ್ತಿರಕ್ಕೂ ಸುಳಿಯದು. ಹೊಳೆನರಸೀಪುರದ ಸುತ್ತ ಹೇಮಾವತಿಯ ಒಡಲಿನಿಂದ ವರ್ಷಗಟ್ಟಲೆ ಮರಳು ತೆಗೆದಿದ್ದಾರೆ. ಮೊಣಕಾಲುದ್ದ ನೀರೆಂದು ಕಾಲಿಟ್ಟ ಹುಡುಗ ಮುಂದಿನ ಹೆಜ್ಜೆಗೆ ಎರಡಾಳು ಆಳದ ಗುಂಡಿಗೆ ಇಳಿಯುತ್ತಾನೆ. ಮೇಲಿನಿಂದ ನೋಡಿದರೆ ನೀರು ಒಂದೇ ಸಮ, ಗುಂಡಿಯ ಸುಳಿವೂ ಸಿಗದು. ಹೇಮಾವತಿಯ ಗೊರೂರು ಅಣೆಕಟ್ಟಿನಲ್ಲಿ 37 ಟಿಎಂಸಿ ನೀರು ತುಂಬಿ ಗೇಟು ತೆಗೆದರೆ ಬಟ್ಟೆ ಒಗೆಯುವ ಬಂಡೆ ನೋಡುತ್ತಿದ್ದಂತೆ ಮುಳುಗುತ್ತದೆ. ಮರಳು ಗುಂಡಿಗೂ ಮೊಸಳೆಗೂ ನಂಟಿದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಮೊಸಳೆ ಮೊಟ್ಟೆ ಹೂಳುವುದು ಅದೇ ಮರಳು ದಡದಲ್ಲಿ. ಲಾರಿ ಇಳಿದು ದಡ ಕುಸಿದರೆ ಅದು ಬೇರೆ ಜಾಗ ಹುಡುಕುತ್ತದೆ, ನಾಲೆಗೆ, ಕೆರೆಗೆ, ಗದ್ದೆಯ ಬದಿಗೆ ಬರುತ್ತದೆ. ನಾವೇ ಓಡಿಸಿ, ಅದು ಊರಿಗೆ ಬಂತೆಂದು ಕೂಗುತ್ತೇವೆ.

ಚನ್ನರಾಯಪಟ್ಟಣದ ಕಡೆ ಹೊಳೆ ಇಲ್ಲ, ಹೇಮಾವತಿ ನಾಲೆ ಇದೆ, ಕೆರೆಗಳಿವೆ, ಆ ನೀರು ಬಾಗೂರು–ನವಿಲೆ ಸುರಂಗ ಹೊಕ್ಕು ತುಮಕೂರಿನ ಕಡೆಗೂ ಹರಿಯುತ್ತದೆ. ಅಲ್ಲಿ ನೀರು ಕಟ್ಟುವ ರೈತನಿಗೆ ನಿಜವಾದ ಗಂಡಾಂತರ ರಾತ್ರಿ ಬದುವಿನ ಮೇಲಿನ ಹಾವು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಹೇಳಿದ್ದು ಒಳ್ಳೆಯ ಕೆಲಸ. ಹಾವನ್ನೆಲ್ಲ ಹಿಡಿದು ಸಾಗಿಸಿ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಔಷಧ, ವರದಿ, ಹತ್ತಿರದ ಆಸ್ಪತ್ರೆ ಇವೇ ದಾರಿ ಎಂದು ಒಪ್ಪಿದ್ದೇವೆ. ಮೊಸಳೆಯ ವಿಷಯದಲ್ಲಿ ಆ ವಿವೇಕ ಯಾಕಿಲ್ಲ?

ಹೊಳೆಯ ಜೀವಿಗಳ ಜೊತೆಯಲ್ಲಿ ಬದುಕುವುದು ನಮಗೆ ಹೊಸತೂ ಅಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋದವರು ಕಾವೇರಿಯ ವಹ್ನಿ ಪುಷ್ಕರಿಣಿಯ ಮೆಟ್ಟಿಲ ಮೇಲೆ ನಿಂತು ಪುರಿ ಎಸೆದಿರುತ್ತಾರೆ. ಹಿಡಿ ಪುರಿ ನೀರಿಗೆ ಬಿದ್ದದ್ದೇ ತಡ, ಮೀನುಗಳ ಕಪ್ಪು ಬೆನ್ನುಗಳು ಒಂದರ ಮೇಲೊಂದು ಏರಿ ಬರುತ್ತವೆ, ದಪ್ಪ ತುಟಿಯ ಬಾಯಿಗಳು ನೀರಿನಿಂದ ಆಚೆಗೇ ತೆರೆದುಕೊಳ್ಳುತ್ತವೆ. ದೇವರ ಮೀನೆಂದು ಅಲ್ಲಿ ಯಾರೂ ಗಾಳ ಹಾಕುವುದಿಲ್ಲ. ಅದೇ ಕಾವೇರಿಯ ಬೇರೆ ಮಡುಗಳಲ್ಲಿ ಸಿಡಿಮದ್ದು ಸಿಡಿಸಿ ಮೀನು ಹಿಡಿಯುವ ಪಿಡುಗು ಇದೆ. ಆ ಮದ್ದಿಗೆ ದೊಡ್ಡದು ಚಿಕ್ಕದೆಂಬ ಭೇದವಿಲ್ಲ, ಮರಿಗಳೂ ಹೊಟ್ಟೆ ಮೇಲಾಗಿ ತೇಲುತ್ತವೆ. ಕಾವೇರಿಯ ಕಿತ್ತಳೆ ರೆಕ್ಕೆಯ ಮಹಶೀರ್ ಇವತ್ತು ಜಗತ್ತಿನ ಅತ್ಯಂತ ಅಪಾಯದಲ್ಲಿರುವ ಮೀನುಗಳಲ್ಲೊಂದು. ಮೀನು ಕಡಿಮೆಯಾದ ಹೊಳೆಯಲ್ಲಿ ಮೊಸಳೆಗೂ ನೀರುನಾಯಿಗೂ ಹೊಟ್ಟೆ ತುಂಬದು. ಹಸಿದ ಮೊಸಳೆ ದಡದ ಕಡೆ ನೋಡಿದರೆ ತಪ್ಪು ಯಾರದು?

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಶ್ರೀಲಂಕಾದಲ್ಲಿ ಹೊಳೆಯ ಸ್ನಾನಘಟ್ಟಗಳಿಗೆ ಬೇಲಿ ಕಟ್ಟುತ್ತಾರೆ. ನೀರಿನೊಳಗೆ ಗೂಟ ಅಥವಾ ಕಬ್ಬಿಣದ ಸರಳು ಹೂತು ಒಂದು ಆವರಣ ಮಾಡಿದರೆ, ಅದರೊಳಗೆ ಮೀಯುವವರಿಗೆ ಮೊಸಳೆಯ ಭಯವಿಲ್ಲ. ಹೊಳೆನರಸೀಪುರದಲ್ಲೂ ರಾಮನಾಥಪುರದಲ್ಲೂ ಹೆಚ್ಚು ಜನ ಇಳಿಯುವ ಮೆಟ್ಟಿಲುಗಳಿಗೆ ಇದನ್ನು ಮಾಡಬಹುದು. ಮನೆಗೆ ನಲ್ಲಿ ನೀರು ನಿತ್ಯ ಬಂದರೆ ಬಟ್ಟೆ ಒಗೆಯಲು ಹೊಳೆಗಿಳಿಯುವವರು ಕಡಿಮೆಯಾಗುತ್ತಾರೆ. ನೀರು ಬಿಡುವ ಮುನ್ನ ಹೊಳೆಯಂಚಿನ ಪ್ರತಿ ಹಳ್ಳಿಗೂ ಸೈರನ್ ಕೇಳಿಸಬೇಕು. ಮೊಸಳೆ ಕಂಡ ಜಾಗಕ್ಕೆ ಕನ್ನಡದಲ್ಲಿ ಸ್ಪಷ್ಟ ಬರಹದ ಫಲಕ ಬೇಕು, ಮುಸ್ಸಂಜೆ ಇಳಿಯಬೇಡಿ ಎಂಬ ಒಂದೇ ಮಾತಾದರೂ ಸಾಕು. ಮರಳು ತೆಗೆಯುವುದು ನಿಲ್ಲಬೇಕು, ತೆಗೆದ ಗುಂಡಿಗಳಿಗೆ ಗುರುತು ಹಾಕಬೇಕು.

ಮುಂದಿನ ಬಾರಿ ನಿಮ್ಮೂರ ಗ್ರಾಮಸಭೆಯಲ್ಲಿ ಮೊಸಳೆಯ ಮಾತು ಬಂದಾಗ, ಹಿಡಿಯಿರಿ ಎನ್ನುವ ಬದಲು ನಿಮ್ಮ ಸ್ನಾನಘಟ್ಟಕ್ಕೆ ಬೇಲಿ ಮತ್ತು ಮೆಟ್ಟಿಲು ಕೇಳಿ, ಅದನ್ನು ನಡಾವಳಿಯಲ್ಲಿ ಬರೆಸಿಯೇ ಎದ್ದು ಬನ್ನಿ.