ಸಣ್ಣ ಎಂಜಿನುಗಳೂ ಪ್ಲಗ್ಗಿನ ಆಯ್ಕೆಯೂ

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿದರೂ ಅಲ್ಲಿ ತಯಾರಾದ ಟೂ ಸ್ಟ್ರೋಕ್ ಮೋಟಾರುಸೈಕಲ್ಲುಗಳು ಇಂದಿಗೂ ಓಡುತ್ತಿವೆ. ಅವುಗಳಿಗೂ ರೈತರಲ್ಲಿರುವ ಹುಲ್ಲು ಕತ್ತರಿಸುವ, ಔಷಧಿ ಸಿಂಪಡಿಸುವ ಹಳೆಯ ಎಂಜಿನುಗಳಿಗೂ ಉಪದ್ರವವೊಂದೇ: ಪೆಟ್ರೋಲಿಗೆ ಬೆರೆಸಿದ ಎಣ್ಣೆಯಿಂದ ಪ್ಲಗ್ಗು ಕಪ್ಪೇರುವುದು. ಆಗ ಅಂಗಡಿಯಲ್ಲಿ ಸಿಕ್ಕಿದ ಪ್ಲಗ್ಗನ್ನೆಲ್ಲ ಹಾಕಿನೋಡುವ ರೂಢಿಯು ಹಿತವಾದುದಲ್ಲ. ಎನ್‌ಜಿಕೆ ಪ್ಲಗ್ಗುಗಳಲ್ಲಿ ಶಾಖದ ಅಂಕೆಯು ಹೆಚ್ಚಿದಷ್ಟೂ ತುದಿಯು ತಂಪಾಗಿರುವುದು. ಚಾಂಪಿಯನ್ ಪ್ಲಗ್ಗುಗಳಲ್ಲಿ ಇದಕ್ಕೆ ತೀರ ವಿರುದ್ಧ. ಇದನ್ನರಿಯದೆ ಹೆಚ್ಚು ಬಿಸಿಯಾಗುವ ಪ್ಲಗ್ಗನ್ನು ಹಾಕಿದಲ್ಲಿ ಕಾಲಕ್ಕೆ ಮುನ್ನವೇ ಕಿಚ್ಚು ಹತ್ತಿ ಪಿಸ್ಟನ್ನಿಗೆ ತೂತು ಬೀಳುವುದುಂಟು. ತಿರುಪಿನ ಭಾಗವು ಉದ್ದವಾದರಂತೂ ಪಿಸ್ಟನ್ನಿಗೇ ತಾಗೀತು! ಮೊದಲು ಎಣ್ಣೆಯ ಪ್ರಮಾಣವನ್ನೂ ಗಾಳಿಯ ಫಿಲ್ಟರನ್ನೂ ಪರೀಕ್ಷಿಸತಕ್ಕದ್ದು. ಸವೆದು ಎಣ್ಣೆ ಸುಡುವ ಎಂಜಿನಿಗೆ ಒಂದು ಮೆಟ್ಟಿಲಷ್ಟು ಬಿಸಿಯಾದ ಪ್ಲಗ್ಗು ಸಲ್ಲಬಹುದು. ತುದಿಯು ತಿಳಿಕಂದಾಗಿದ್ದರೆ ಇದ್ದ ಪ್ಲಗ್ಗೇ ಸರಿ.