ಮುಟ್ಟಲಾಗದ ನಾಲ್ಕು ಲಕ್ಷ ಬಹ್ತ್

ಸಾಧಾರಣ ಆದಾಯದ ನಿವೃತ್ತರಿಗೆ ಥಾಯ್ಲೆಂಡ್ ಅಗ್ಗದ ದೇಶವಲ್ಲ. ತೀರ್ಪನ್ನು ಮೊದಲೇ ಕೊಟ್ಟುಬಿಡುವುದು ಒಳ್ಳೆಯದು, ಏಕೆಂದರೆ ಈ ಚರ್ಚೆ ಪ್ರತಿ ಸಲವೂ ಬಾಡಿಗೆ, ಊಟ, ಮಸಾಜಿನ ದರಪಟ್ಟಿಯಲ್ಲಿ ಶುರುವಾಗಿ ಅಲ್ಲೇ ಮುಗಿದುಹೋಗುತ್ತದೆ. ಕಳೆದ ವಾರ ಅಂಕಣಕಾರ ಮಿತ್ರರೊಬ್ಬರು ಮಾಡಿದ್ದೂ ಅದನ್ನೇ. ಚಿಯಾಂಗ್ ಮಾಯ್‌ನಲ್ಲಿ 12,000 ಬಹ್ತ್‌ಗೆ ಒಳ್ಳೆಯ ಫ್ಲ್ಯಾಟ್, 60 ಬಹ್ತ್‌ಗೆ ಹೊಟ್ಟೆ ತುಂಬ ಊಟ, ಎಲ್ಲ ಸೇರಿ ತಿಂಗಳಿಗೆ 45,000 ಬಹ್ತ್ ಇದ್ದರೆ ಮುಪ್ಪು ಸುಖವಾಗಿ ಕಳೆಯುತ್ತದೆ ಎಂದಿದ್ದಾರೆ. ಅವರ ಬೆಲೆಗಳಲ್ಲಿ ತಪ್ಪು ಹುಡುಕುವ ಗೋಜಿಗೆ ನಾನು ಹೋಗುವುದಿಲ್ಲ. ಪಟ್ಟಿ ಸರಿಯಾಗಿಯೇ ಇದೆ. ಆದರೆ ಅಲ್ಲಿ ಬದುಕಲು ಎಷ್ಟು ಬೇಕು ಎಂಬುದು ಎರಡನೆಯ ಪ್ರಶ್ನೆ. ಅಲ್ಲಿ ಇರಲು ಬಿಡುವುದಕ್ಕೆ ಎಷ್ಟು ಕೇಳುತ್ತಾರೆ ಎಂಬುದು ಮೊದಲನೆಯದು. ಅದನ್ನು ಅವರು ಒಂದು ವಾಕ್ಯದಲ್ಲಿ ದಾಟಿಬಿಟ್ಟಿದ್ದಾರೆ.

ಐವತ್ತು ದಾಟಿದ ವಿದೇಶಿಯರು ವರ್ಷ ವರ್ಷವೂ ವಾಸ್ತವ್ಯ ವಿಸ್ತರಿಸಿಕೊಳ್ಳಲು ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಹ್ತ್ ಇಡಬೇಕು, ಇಲ್ಲವೇ ತಿಂಗಳಿಗೆ 65,000 ಬಹ್ತ್ ಆದಾಯ ತೋರಿಸಬೇಕು, ಅದೂ ಆಗದಿದ್ದರೆ ಎರಡನ್ನೂ ಕೂಡಿಸಿ ವರ್ಷದ ಲೆಕ್ಕದಲ್ಲಿ 8 ಲಕ್ಷ ತುಂಬಿಸಬೇಕು. ಎರಡು ದಶಕಗಳಿಂದ ಈ ಮೊತ್ತ ಏರಿಲ್ಲ, ಆದ್ದರಿಂದ ಥಾಯ್ಲೆಂಡ್ ನಂಬಬಹುದಾದ ದೇಶ ಎಂಬುದು ಮಿತ್ರರ ವಾದ. ಮೊತ್ತ ಏರಿಲ್ಲ, ನಿಜ. ಆ ಮೊತ್ತ ಮಾಡುವ ಕೆಲಸವೇ ಬದಲಾಗಿದೆ. ಯಾರೂ ಗಮನಿಸದ ಸಂಗತಿ ಇದು.

2019ರ ಮಾರ್ಚ್‌ಗೆ ಮೊದಲು ಅರ್ಜಿಯ ಹಿಂದಿನ ಮೂರು ತಿಂಗಳು ಹಣ ಖಾತೆಯಲ್ಲಿದ್ದರೆ ಸಾಕಿತ್ತು. ಪಾಸ್‌ಪೋರ್ಟ್‌ಗೆ ಮುದ್ರೆ ಬಿದ್ದ ಮೇಲೆ ತೆಗೆದು ಖರ್ಚು ಮಾಡಿಕೊಳ್ಳಬಹುದಿತ್ತು. 8 ಲಕ್ಷವನ್ನು ಹನ್ನೆರಡು ತಿಂಗಳಿಗೆ ಹಂಚಿ ನೋಡಿ: 66,667. ತಿಂಗಳ ಆದಾಯದ ಮಿತಿಯಾದ 65,000ಕ್ಕೆ ಹೆಚ್ಚುಕಡಿಮೆ ಸಮ. ಅಂದರೆ ಈ ಹಣ ಒಂದು ವರ್ಷದ ಸಂಸಾರದ ಖರ್ಚು, ಅದು ನಿಮ್ಮ ಬಳಿ ಇದೆಯೋ ಇಲ್ಲವೋ ಎಂದು ಸರ್ಕಾರ ನೋಡುತ್ತಿತ್ತು, ಅಷ್ಟೆ. ಹೊಸ ನಿಯಮದಲ್ಲಿ ಅರ್ಜಿಗೆ ಮೊದಲು ಎರಡು ತಿಂಗಳು, ಮಂಜೂರಾದ ಮೇಲೆ ಮೂರು ತಿಂಗಳು ಪೂರ್ತಿ 8 ಲಕ್ಷ ಇರಬೇಕು. ಉಳಿದ ಏಳು ತಿಂಗಳಲ್ಲೂ ಬಾಕಿ 4 ಲಕ್ಷಕ್ಕಿಂತ ಕೆಳಗಿಳಿಯುವಂತಿಲ್ಲ. ಮೇಲಿನ 4 ಲಕ್ಷವನ್ನು ಏಳು ತಿಂಗಳ ಮಟ್ಟಿಗೆ ಕೈಗೆತ್ತಿಕೊಳ್ಳಬಹುದು, ಆಮೇಲೆ ಮತ್ತೆ ತಂದು ತುಂಬಬೇಕು. ಕೆಳಗಿನ 4 ಲಕ್ಷವನ್ನು ಎಂದೂ ಮುಟ್ಟುವಂತಿಲ್ಲ. ಬೆಂಗಳೂರಿನ ಬಾಡಿಗೆ ಮನೆಯ ಅಡ್ವಾನ್ಸ್‌ನಂತೆ, ಹಣ ನಿಮ್ಮದೇ, ಆದರೆ ಕೈಗೆ ಸಿಗುವುದು ಮನೆ ಖಾಲಿ ಮಾಡಿದಾಗ ಮಾತ್ರ.

ಈ ನಿಯಮ ಕಾಗದದ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಪಟ್ಟಾಯ ಪಕ್ಕದ ಜೋಮ್ಟಿಯನ್‌ನ ವಲಸೆ ಕಚೇರಿಯಲ್ಲೋ ಬ್ಯಾಂಕಾಕಿನ ಚೆಂಗ್ ವತ್ತನಾದಲ್ಲೋ ನೋಡಬೇಕು. ಅರ್ಜಿದಾರರು ಮೊದಲು ಬ್ಯಾಂಕಿಗೆ ಹೋಗಿ ಅಂದಿನ ತಾರೀಕಿನ ಪತ್ರ ಬರೆಸಿಕೊಳ್ಳುತ್ತಾರೆ. ಪಾಸ್‌ಬುಕ್ಕಿನಲ್ಲಿ ಅಂದಿನ ನಮೂದು ಕಾಣಲೆಂದು ನೂರು ಬಹ್ತ್ ಕಟ್ಟಿ ಹೊಸ ಸಾಲು ಅಚ್ಚು ಹಾಕಿಸುತ್ತಾರೆ. ಪ್ರತಿ ಪುಟದ ಜೆರಾಕ್ಸ್, ಪ್ರತಿ ಜೆರಾಕ್ಸ್‌ಗೆ ಸಹಿ, 1,900 ಬಹ್ತ್ ಶುಲ್ಕ. ಕೌಂಟರಿನ ಅಧಿಕಾರಿ ಇವತ್ತಿನ ಬಾಕಿಯ ಮೇಲೆ ಕಣ್ಣಾಡಿಸಿ ಹಾಳೆ ಹಿಂದಕ್ಕೆ ತಿರುವುತ್ತಾರೆ. ಕಳೆದ ವರ್ಷದ ಯಾವುದೋ ತಿಂಗಳಲ್ಲಿ ಬಾಕಿ 3,98,000ಕ್ಕೆ ಇಳಿದಿದ್ದರೆ ಬೆರಳು ಅಲ್ಲಿ ನಿಲ್ಲುತ್ತದೆ. ಇವತ್ತು ಖಾತೆಯಲ್ಲಿ ಎಷ್ಟೇ ಹಣವಿರಲಿ, ಆ ಸಾಲಿಗೆ ವಿವರಣೆ ಕೊಡಬೇಕಾದವರು ನೀವು.

ಬಾಕಿ ಯಾವಾಗ ಇಳಿಯುತ್ತದೆ? ಮೋಜಿಗೆ ಖರ್ಚು ಮಾಡಿದಾಗಲ್ಲ. ಸಣ್ಣ ಆದಾಯದವರು ಅಷ್ಟು ಎಚ್ಚರಗೇಡಿಗಳಲ್ಲ. ಎದೆನೋವು ಬಂದಾಗ, ಸೊಂಟದ ಮೂಳೆ ಮುರಿದಾಗ ಇಳಿಯುತ್ತದೆ. ಅನುಕೂಲಸ್ಥರಿಗೆ ಈ 4 ಲಕ್ಷ ಆಸ್ತಿಯ ಒಂದು ಮೂಲೆ. ಸಾಧಾರಣ ಆದಾಯದವರಿಗೆ ಬಹುಪಾಲು ಅದೇ ಒಟ್ಟು ಉಳಿತಾಯ. ಆಪತ್ಕಾಲಕ್ಕೆಂದು ಇಟ್ಟ ಹಣವನ್ನು ಆಪತ್ಕಾಲದಲ್ಲಿ ಬಳಸಿದರೆ ದೇಶದಲ್ಲಿ ಇರುವ ಅರ್ಹತೆಯೇ ಹೋಗುತ್ತದೆ. ಬಳಸದೆ ಉಳಿಸಿಕೊಂಡರೆ ಆಸ್ಪತ್ರೆಯ ಬಿಲ್ ಕಟ್ಟಲು ಬೇರೆ ಹಣ ಬೇಕು. 45,000 ಬಹ್ತ್‌ನ ದರಪಟ್ಟಿಯಲ್ಲಿ ಆ ಬೇರೆ ಹಣ ಎಲ್ಲಿದೆ?

ವಿಮೆ ಇದೆಯಲ್ಲ ಎನ್ನುವವರಿದ್ದಾರೆ. ತಾಯ್ನಾಡಿನಲ್ಲಿರುವ ಥಾಯ್ ರಾಯಭಾರ ಕಚೇರಿಯಿಂದ ಪಡೆಯುವ ಓ-ಎ ನಿವೃತ್ತಿ ವೀಸಾಕ್ಕೆ 2019ರ ಅಕ್ಟೋಬರ್ 31ರಿಂದ ಆರೋಗ್ಯ ವಿಮೆ ಕಡ್ಡಾಯವಾಯಿತು. ಮೊದಲು ಒಳರೋಗಿ ವೆಚ್ಚಕ್ಕೆ 4 ಲಕ್ಷ ಬಹ್ತ್ ರಕ್ಷಣೆ ಕೇಳಿದ ಸರ್ಕಾರ ನಂತರ ಅದನ್ನು ಒಟ್ಟು 30 ಲಕ್ಷಕ್ಕೆ ಏರಿಸಿತು. ಹೆಚ್ಚಿನ ವಿಮಾ ಕಂಪನಿಗಳು ಎಪ್ಪತ್ತರ ಆಚೀಚೆ ಹೊಸ ಪಾಲಿಸಿ ಕೊಡುವುದನ್ನೇ ನಿಲ್ಲಿಸುತ್ತವೆ. ಇದರಿಂದ ತಪ್ಪಿಸಿಕೊಳ್ಳಲು ಅನೇಕರು ವಿಮೆ ಕೇಳದ ಓ ವರ್ಗದ ವೀಸಾಕ್ಕೆ ಜಾರಿಕೊಂಡರು, ವಿಮೆಯಿಲ್ಲದೆಯೇ ಉಳಿದರು. ಸರ್ಕಾರಿ ಆಸ್ಪತ್ರೆ ಅಗ್ಗ ಎಂಬ ಭರವಸೆಯೂ ಹಳತು. 2019ರಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯ ದರಗಳನ್ನು ನಾಲ್ಕು ಹಂತ ಮಾಡಿದಾಗ ನಿವೃತ್ತ ವಿದೇಶಿಯರನ್ನು ಕೂರಿಸಿದ್ದು ಪ್ರವಾಸಿಗರ ಸಾಲಿನಲ್ಲಿ, ಎಲ್ಲಕ್ಕಿಂತ ದುಬಾರಿ ಹಂತದಲ್ಲಿ.

ಹಾಗಾದರೆ ಠೇವಣಿ ಬೇಡ, ತಿಂಗಳ ಆದಾಯದ ದಾರಿ ಹಿಡಿಯೋಣ ಎಂದರೆ ಅದೂ ಕಿರಿದಾಗಿದೆ. ಮೊದಲು ರಾಯಭಾರ ಕಚೇರಿಯ ಆದಾಯ ಪತ್ರ ಸಾಕಿತ್ತು. ನಮ್ಮ ಪ್ರಜೆಗಳ ಆದಾಯವನ್ನು ನಾವು ಪರಿಶೀಲಿಸಲಾರೆವು ಎಂದು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ 2019ಕ್ಕೆ ಕಾಲಿಡುವ ಹೊತ್ತಿಗೆ ಪತ್ರ ಕೊಡುವುದನ್ನು ನಿಲ್ಲಿಸಿದವು. ಈಗ ಹೊರದೇಶದಿಂದ ಪ್ರತಿ ತಿಂಗಳೂ 65,000ಕ್ಕೆ ಕಡಿಮೆಯಿಲ್ಲದ ಹಣ ಥಾಯ್ ಖಾತೆಗೆ ಬಂದು ಬೀಳಬೇಕು. ಅಮೆರಿಕದ ನಿವೃತ್ತ ಕಾರ್ಮಿಕರ ಸರಾಸರಿ ಸೋಷಿಯಲ್ ಸೆಕ್ಯುರಿಟಿ ಮೊತ್ತ 2025ರಲ್ಲಿ ತಿಂಗಳಿಗೆ ಸುಮಾರು 2,000 ಡಾಲರ್. ಡಾಲರ್‌ಗೆ 36 ಬಹ್ತ್ ಇದ್ದಾಗ ಅದು 72,000, ಪಾಸು. 32ಕ್ಕೆ ಇಳಿದರೆ 64,000, ನಪಾಸು. ಪಿಂಚಣಿ ಒಂದು ಸೆಂಟೂ ಕಡಿಮೆಯಾಗಿಲ್ಲ, ಚಿಯಾಂಗ್ ಮಾಯ್‌ನಲ್ಲಿ ಬಾಡಿಗೆಯೂ ಏರಿಲ್ಲ. 2022ರ ಅಕ್ಟೋಬರ್‌ನಲ್ಲಿ 38ರವರೆಗೆ ಹೋಗಿದ್ದ ಡಾಲರ್, 2025ರ ನಡುವಿಗೆ 33ರ ಕೆಳಗೆ ಬಂದಿತ್ತು. ಸರಾಸರಿ ಅಮೆರಿಕನ್ ಪಿಂಚಣಿದಾರ ಈ ಗೆರೆಯ ಮೇಲೆಯೇ ನಿಂತಿದ್ದಾನೆ, ಗೆರೆಯನ್ನು ಅಲುಗಾಡಿಸುವುದು ವಿನಿಮಯ ಮಾರುಕಟ್ಟೆ.

ಬ್ರಿಟನ್‌ನವರ ಪಾಡು ಇನ್ನೂ ಕಷ್ಟ. ಥಾಯ್ಲೆಂಡಿಗೆ ಹೋಗಿ ನೆಲೆಸಿದವರ ಸರ್ಕಾರಿ ಪಿಂಚಣಿಯನ್ನು ಲಂಡನ್ ಏರಿಸುವುದಿಲ್ಲ, ಹೋದ ದಿನದ ಮೊತ್ತವೇ ಕೊನೆಯವರೆಗೆ. 2016ರ ಏಪ್ರಿಲ್‌ನಲ್ಲಿ ಪೂರ್ಣ ಹೊಸ ಪಿಂಚಣಿ ವಾರಕ್ಕೆ 155.65 ಪೌಂಡ್ ಇತ್ತು. ಬ್ರಿಟನ್‌ನಲ್ಲೇ ಉಳಿದವರಿಗೆ 2025ರ ಏಪ್ರಿಲ್‌ನಿಂದ ಸಿಕ್ಕಿದ್ದು 230.25. ಪಟ್ಟಾಯಕ್ಕೆ ಹೋದವರಿಗೆ ಇನ್ನೂ 155.65. ವಾರಕ್ಕೆ 74.60 ಪೌಂಡ್ ಖೋತಾ, ವರ್ಷಕ್ಕೆ ಸುಮಾರು 3,900. 2016ರ ಏಪ್ರಿಲ್‌ನಲ್ಲಿ ಪೌಂಡಿಗೆ 50 ಬಹ್ತ್ ಸಿಗುತ್ತಿತ್ತು, 2025ರ ನಡುವಿಗೆ 43–44. ಅದೇ ಪಿಂಚಣಿ ತಿಂಗಳಿಗೆ 33,700ರಿಂದ 30,000 ಬಹ್ತ್‌ನ ಕೆಳಗಿಳಿದಿದೆ. ಈ ತಾರತಮ್ಯದ ವಿರುದ್ಧ ಮೊಕದ್ದಮೆ ಯುರೋಪಿನ ಮಾನವ ಹಕ್ಕು ನ್ಯಾಯಾಲಯದವರೆಗೆ ಹೋಗಿ 2010ರಲ್ಲಿ ಸೋತಿತು. ಆ ಬಾಗಿಲು ಮುಚ್ಚಿದೆ.

ಇಷ್ಟೆಲ್ಲ ಇರುವಾಗ ಗದ್ದಲ ಎದ್ದಿದ್ದು ಯಾವುದಕ್ಕೆ? ತೆರಿಗೆಗೆ. ವರ್ಷದಲ್ಲಿ 180 ದಿನ ಇದ್ದವರು ಹೊರಗಿನಿಂದ ತರುವ ಆದಾಯಕ್ಕೆ 2024ರ ಜನವರಿಯಿಂದ ತೆರಿಗೆ ಅನ್ವಯ ಎಂಬ ಕಂದಾಯ ಇಲಾಖೆಯ ಆದೇಶ ಬಂದಾಗ, ಥಾಯ್ಲೆಂಡಿನ ಕಥೆ ಮುಗಿಯಿತು ಎಂದು ಬರೆದವರೇ ಹೆಚ್ಚು. ಲೆಕ್ಕ ಹಾಕಿದವರು ಕಡಿಮೆ. ತಿಂಗಳಿಗೆ 65,000ದಂತೆ ವರ್ಷಕ್ಕೆ 7.8 ಲಕ್ಷ ಪಿಂಚಣಿ ತರಿಸಿಕೊಳ್ಳುವ 65 ದಾಟಿದವರನ್ನು ತೆಗೆದುಕೊಳ್ಳಿ. ಖರ್ಚಿನ ಬಾಬ್ತು 1 ಲಕ್ಷ, ವೈಯಕ್ತಿಕ ರಿಯಾಯಿತಿ 60,000, ಹಿರಿಯರ ವಿನಾಯಿತಿ 1.9 ಲಕ್ಷ ಕಳೆದರೆ ಉಳಿಯುವುದು 4.3 ಲಕ್ಷ. ಅದರಲ್ಲೂ ಮೊದಲ 1.5 ಲಕ್ಷಕ್ಕೆ ತೆರಿಗೆಯಿಲ್ಲ. ದ್ವಿತೆರಿಗೆ ಒಪ್ಪಂದದ ಲಾಭ ಒಂದಿಷ್ಟೂ ಸಿಗದಿದ್ದರೂ ವರ್ಷದ ತೆರಿಗೆ 20,500 ಬಹ್ತ್. ನೋವಾಗುತ್ತದೆ, ಮನೆ ಮುರಿಯುವುದಿಲ್ಲ. ಮನೆ ಮುರಿಯುವ ನಿಯಮ ಬಂದದ್ದು ಅದಕ್ಕೂ ಐದು ವರ್ಷ ಮೊದಲು.

ಇದರಲ್ಲಿ ಥಾಯ್ ಸರ್ಕಾರದ ಅನ್ಯಾಯವೇನೂ ನನಗೆ ಕಾಣುವುದಿಲ್ಲ. ಅಲ್ಲಿನ ಜನಸಂಖ್ಯೆಯಲ್ಲಿ ಐವರಲ್ಲಿ ಒಬ್ಬರಿಗೆ ಅರವತ್ತು ದಾಟಿದೆ. 60ರಿಂದ 69ರ ಥಾಯ್ ವೃದ್ಧರಿಗೆ ಸರ್ಕಾರ ಕೊಡುವ ವೃದ್ಧಾಪ್ಯ ಭತ್ಯೆ ತಿಂಗಳಿಗೆ 600 ಬಹ್ತ್, ತೊಂಬತ್ತು ದಾಟಿದರೆ 1,000. ಸ್ವಂತ ಅಜ್ಜಿಗೆ 600 ಕೊಡುವ ದೇಶ, ವಿದೇಶಿ ಅಜ್ಜನ ಶಸ್ತ್ರಚಿಕಿತ್ಸೆಯ ಬಾಕಿಯನ್ನು ಯಾಕೆ ಹೊರಬೇಕು? ಶೋಧಿಸುವ ಹಕ್ಕು ಅವರದು. ಆ ಜರಡಿಯ ಕಣ್ಣು ಸಣ್ಣದಾಗಿಲ್ಲ ಎಂದು ನಟಿಸುವ ಬರಹಗಾರರ ಮೇಲೆ ನನ್ನ ತಕರಾರು.

ಇನ್ನೊಂದು ಪೂರ್ವನಿದರ್ಶನವನ್ನೂ ಯಾರೂ ಎತ್ತುವುದಿಲ್ಲ. 1998ರ ಅಕ್ಟೋಬರ್ 21ಕ್ಕೆ ಮೊದಲು ಬಂದು, ಮಧ್ಯೆ ಒಮ್ಮೆಯೂ ತಪ್ಪದೆ ವಿಸ್ತರಣೆ ಪಡೆದವರಿಗೆ ಹಳೆಯ ಷರತ್ತೇ ಉಳಿಯಿತು. ಅವರಲ್ಲಿ ಅರವತ್ತು ದಾಟಿದವರಿಗೆ ವರ್ಷಕ್ಕೆ 2 ಲಕ್ಷ, ಇಲ್ಲವೇ ತಿಂಗಳಿಗೆ 20,000 ಬಹ್ತ್ ಸಾಕು. ಅಂದು ಸರ್ಕಾರ ಇದ್ದವರನ್ನು ಕಾಪಾಡಿ ಬರುವವರಿಗೆ ಹೊಸ ಗೆರೆ ಎಳೆಯಿತು. 2019ರಲ್ಲಿ ಹಾಗೆ ಮಾಡಲಿಲ್ಲ. ಹತ್ತು ಹದಿನೈದು ವರ್ಷ ಅಲ್ಲೇ ಇದ್ದವರೂ ಮುಂದಿನ ಅರ್ಜಿಗೆ 4 ಲಕ್ಷ ಕಟ್ಟಿಹಾಕಬೇಕಾಯಿತು. ನಿವೃತ್ತಿ ವಿಸ್ತರಣೆಯ ಮೇಲೆ ಎಷ್ಟು ವರ್ಷ ಕಳೆದರೂ ಅದು ಕಾಯಂ ವಾಸದ ಹಕ್ಕಿಗೆ ದಾರಿಯಾಗುವುದಿಲ್ಲ, ನೆಲ ಕೊಳ್ಳುವ ಹಕ್ಕೂ ಬರುವುದಿಲ್ಲ. ನೆರೆಯ ಮಲೇಷ್ಯಾ 2021ರಲ್ಲಿ ತನ್ನ ದೀರ್ಘವಾಸ ಯೋಜನೆಯ ತಿಂಗಳ ಆದಾಯ ಮಿತಿಯನ್ನು 10,000 ರಿಂಗಿಟ್‌ನಿಂದ 40,000ಕ್ಕೆ ಒಂದೇ ಏಟಿಗೆ ಏರಿಸಿದ್ದೂ ನೆನಪಿರಲಿ. ಈ ಭಾಗದಲ್ಲಿ ವೃದ್ಧಾಪ್ಯಕ್ಕೆ ಸಿಗುವುದು ಒಂದು ವರ್ಷದ ಒಪ್ಪಿಗೆ, ಮನಸ್ಸು ಮಾಡಿದಾಗ ಬದಲಾಗುವ ಷರತ್ತು.

ಇನ್ನು ನಮ್ಮವರ ಲೆಕ್ಕ. ಬೆಂಗಳೂರಿಗಿಂತ ಬ್ಯಾಂಕಾಕ್ ಅಗ್ಗ ಎಂದು ಕುಣಿಯುವವರು ರೂಪಾಯಿಯ ಕಡೆ ನೋಡುವುದೇ ಇಲ್ಲ. 2006ರ ಸುಮಾರಿಗೆ ಒಂದು ಬಹ್ತ್‌ಗೆ ₹1.20ರ ಆಸುಪಾಸು ಇತ್ತು, 8 ಲಕ್ಷ ಬಹ್ತ್ ಎಂದರೆ ₹9.6 ಲಕ್ಷ. ಬಹ್ತ್‌ಗೆ ₹2.70ರ ದರದಲ್ಲಿ ಅದು ₹21.6 ಲಕ್ಷ. ಥಾಯ್ಲೆಂಡ್ ಏರಿಸದ ಮಿತಿ ನಮ್ಮ ಪಾಲಿಗೆ ಎರಡು ಪಟ್ಟು ದಾಟಿದೆ. ತಿಂಗಳ 65,000 ಬಹ್ತ್ ಎಂದರೆ ₹1.75 ಲಕ್ಷ. ಏಳನೇ ವೇತನ ಆಯೋಗದ ನಂತರ ಕರ್ನಾಟಕ ಸರ್ಕಾರಿ ನೌಕರರ ಗರಿಷ್ಠ ಮೂಲ ಪಿಂಚಣಿ ₹1,20,600. ಅಂದರೆ ರಾಜ್ಯ ಸರ್ಕಾರದ ಅತ್ಯುನ್ನತ ಹುದ್ದೆಯಿಂದ ಇಳಿದವರೂ ಮೂಲ ಪಿಂಚಣಿಯೊಂದನ್ನೇ ತೋರಿಸಿ ಆದಾಯದ ದಾರಿಯಲ್ಲಿ ಪಾಸಾಗುವುದಿಲ್ಲ. ಭವಿಷ್ಯ ನಿಧಿಯ ಇಪಿಎಸ್ ಪಿಂಚಣಿದಾರರ ಮಾತು ಎತ್ತುವುದೇ ಬೇಡ, ಅಲ್ಲಿ ಕನಿಷ್ಠ ಮೊತ್ತ 2014ರಿಂದ ₹1,000. ಭಾರತೀಯರಿಗೆ ವೀಸಾ ಇಲ್ಲದೆ ಪ್ರವೇಶ ಕೊಟ್ಟಿರುವುದನ್ನು ನಿವೃತ್ತಿಯ ಬಾಗಿಲು ಎಂದು ತಿಳಿಯುವವರೂ ಇದ್ದಾರೆ. ಅದು ರಜೆಗೆ ಬರುವವರಿಗೆ ಕೊಟ್ಟದ್ದು.

ಕೊನೆಗೆ ಉಳಿಯುವುದು ಏಜೆಂಟರು. ಅರ್ಜಿಯ ಮಟ್ಟಿಗೆ ನಿಮ್ಮ ಖಾತೆಗೆ ಹಣ ತೋರಿಸಿ, ಮುದ್ರೆ ಬಿದ್ದ ಮೇಲೆ ವಾಪಸ್ ಪಡೆದು, ಕಮಿಷನ್ ಕತ್ತರಿಸಿಕೊಳ್ಳುವ ವ್ಯವಹಾರ ಅಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. "ಎಲ್ಲರೂ ಮಾಡುತ್ತಾರೆ" ಎಂಬ ಸಮಾಧಾನವೂ ಜೊತೆಗೇ ಬರುತ್ತದೆ. ಎಪ್ಪತ್ತೈದರ ವಯಸ್ಸಿನಲ್ಲಿ ಪರದೇಶದ ವಲಸೆ ಇಲಾಖೆಗೆ ಸುಳ್ಳು ಹೇಳಿ, ಅದು ಎಂದೂ ಹೊರಬೀಳುವುದಿಲ್ಲ ಎಂಬ ನಂಬಿಕೆಯ ಮೇಲೆ ಬದುಕುವುದನ್ನು ಅಗ್ಗದ ನಿವೃತ್ತಿ ಎನ್ನಲು ನನಗೆ ಸಾಧ್ಯವಿಲ್ಲ.

ಥಾಯ್ಲೆಂಡಿಗೆ ಹೋಗಲೇಬಾರದು ಎನ್ನುತ್ತಿಲ್ಲ. ಹೋಗಬಲ್ಲವರು ಯಾರು ಎಂಬುದಕ್ಕೆ ಸರಳ ಪರೀಕ್ಷೆ ಇದೆ. ಬ್ಯಾಂಕಿನ ಆ 8 ಲಕ್ಷ ಬಹ್ತ್ ನಿಮ್ಮದಲ್ಲ ಎಂದುಕೊಂಡು ಲೆಕ್ಕ ಹಾಕಿ. ಅದನ್ನು ಬಿಟ್ಟು ಒಂದು ದೊಡ್ಡ ಶಸ್ತ್ರಚಿಕಿತ್ಸೆಗೆ ಹಣವಿದೆಯೇ? ನಿಮ್ಮ ಪಿಂಚಣಿಯ ಮೌಲ್ಯ ಬಹ್ತ್‌ನಲ್ಲಿ ಕಾಲು ಭಾಗ ಕುಸಿದರೂ ತಿಂಗಳು ನಡೆಯುತ್ತದೆಯೇ? ಒಂದು ವರ್ಷ ವಿಸ್ತರಣೆ ಸಿಗದಿದ್ದರೆ ವಾಪಸ್ ಬರಲು ಊರಿನಲ್ಲಿ ಮನೆಯಿದೆಯೇ? ಮೂರಕ್ಕೂ ಹೌದು ಎನ್ನಬಲ್ಲವರು ಧಾರಾಳವಾಗಿ ಹೋಗಲಿ. ಆದರೆ ಅವರು ಸಾಧಾರಣ ಆದಾಯದವರಲ್ಲ, ಅನುಕೂಲಸ್ಥರು. ಮುಂದಿನ ಸಲ ಬಾಡಿಗೆಯ ದರಪಟ್ಟಿ ಬರೆಯುವ ಮಿತ್ರರು ಅದರ ಮೊದಲ ಸಾಲಿನಲ್ಲಿ ಬಾಡಿಗೆಗಿಂತ ಮುಂಚೆ ಆ ಮುಟ್ಟಲಾಗದ 4 ಲಕ್ಷ ಬಹ್ತ್, ಅಂದರೆ ₹10.8 ಲಕ್ಷವನ್ನು ಬರೆಯಲಿ. ಆಮೇಲೆ ಎಷ್ಟು ಜನ ಎರಡನೆಯ ಸಾಲು ಓದುತ್ತಾರೋ ನೋಡೋಣ.